ಪಂಪು ಬರೆದುಕೊಟ್ಟರೆ ಆಯ್ತಾ, ಎಳೆಯೋದನ್ನ ಯಾರು ನೋಡ್ತಾರೆ?

ಶಿಡ್ಲಘಟ್ಟದಲ್ಲಿ ಮೆಡಿಕಲ್ ಸ್ಟೋರ್ ನಡೆಸ್ತೀನಿ. ಆಸ್ಪತ್ರೆಯ ಒಪಿಡಿ (ಹೊರರೋಗಿ ವಿಭಾಗ) ಚೀಟಿ ಹಿಡಿದು ಬರೋ ದಮ್ಮಿನ ಕಾಯಿಲೆಯವರನ್ನ ದಿನಾ ನೋಡ್ತೀನಿ. ನನ್ನ ಪ್ರಕಾರ ಸಿಒಪಿಡಿಗೆ, ಅಂದ್ರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡೋ ದಮ್ಮಿಗೆ, ಔಷಧ ಸಿಗದೆ ನರಳೋರಿಗಿಂತ, ಕೈಯಲ್ಲಿರೋ ಪಂಪಿನ (ಇನ್ಹೇಲರ್) ಔಷಧ ಶ್ವಾಸಕೋಶಕ್ಕೆ ಇಳಿಯದೆ ನರಳೋರೇ ಜಾಸ್ತಿ.

ಬೀಡಿ ಸೇದೋರ ಕಾಯಿಲೆ ಅಂತ ತಳ್ಳಿಹಾಕಬೇಡಿ. ಸೌದೆ ಒಲೆ ಮುಂದೆ ಕೂತು ರೇಷ್ಮೆಗೂಡು ಬೇಯಿಸಿ ನೂಲು ತೆಗೆದು, ಮನೆಗೆ ಹೋಗಿ ಮತ್ತೆ ಸೌದೆ ಒಲೆ ಊದಿದ ಹೆಂಗಸರು ಬರ್ತಾರೆ. ಟಿಬಿ ವಾಸಿಯಾದವರು, ಕ್ವಾರಿ ಧೂಳು ಕುಡಿದವರೂ ಬರ್ತಾರೆ.

ಮೊನ್ನೆ ಒಬ್ಬ ಅಜ್ಜಿ ಖಾಲಿ ಡಬ್ಬಿ ಕೌಂಟರ್ ಮೇಲಿಟ್ಟು, "ಈ ಮಾತ್ರೆ ಬಿಸಿನೀರಲ್ಲೇ ನುಂಗ್ತಿದೀನಿ ಕಣಪ್ಪ, ದಮ್ಮು ಮಾತ್ರ ಇಳೀತಿಲ್ಲ" ಅಂದ್ರು. ರೋಟಾಹೇಲರ್ ಅನ್ನೋ ಪುಟ್ಟ ಮೆಷೀನಿಗೆ ಹಾಕಿ, ಒಳಗಿನ ಪುಡೀನ ಬಾಯಿಂದ ಎಳೆಯೋ ಕ್ಯಾಪ್ಸೂಲು ಅದು! ಮೆಷೀನ್ ಎಲ್ಲಮ್ಮ ಅಂದ್ರೆ, "ಪೀಪಿ ಥರ ಇತ್ತಲ್ಲ, ಮೊಮ್ಮಗ ಇಟ್ಕೊಂಡವ್ನೆ." ಅಜ್ಜಿನ ಬೈದು ಪ್ರಯೋಜನ ಇಲ್ಲ. ಚೀಟಿ ಇಂಗ್ಲಿಷು, ಒಪಿಡಿಯಲ್ಲಿ ಹೇಳಿದ್ದು ಅವಸರದ ಕನ್ನಡ, ಅವರ ಮನೆಮಾತು ತೆಲುಗು.

ಎಳೆಯೋದ್ರಲ್ಲೂ ಒಂದೇ ಲೆಕ್ಕ ಇಲ್ಲ. ಪುಡಿಯ ಕ್ಯಾಪ್ಸೂಲಾದ್ರೆ ಜೋರಾಗಿ, ಒಂದೇ ಏಟಿಗೆ ಎಳೀಬೇಕು. ಒತ್ತೋ ಪಂಪಾದ್ರೆ ನಿಧಾನಕ್ಕೆ, ಆಳಕ್ಕೆ. ಎರಡರಲ್ಲೂ ಆಮೇಲೆ 10 ಸೆಕೆಂಡು ಉಸಿರು ಕಟ್ಟಬೇಕು. ಔಷಧದಲ್ಲಿ ಸ್ಟೆರಾಯ್ಡ್ ಇದ್ದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ರೆ ಬಾಯಲ್ಲಿ ಬಿಳಿ ಪದರ ಕಟ್ಟಬಹುದು. ಪಂಪು ಒತ್ತೋದಕ್ಕೂ ಉಸಿರು ಎಳೆಯೋದಕ್ಕೂ ಹೊಂದಿಕೆ ಆಗದವರಿಗೆ ಸ್ಪೇಸರ್ ಇದೆ, ಪಂಪಿಗೆ ಸಿಕ್ಕಿಸೋ ಟೊಳ್ಳು ಡಬ್ಬಿ. ಚೀಟಿಯಲ್ಲಿ ಅದನ್ನ ಬರೆದಿರೋದೇ ಅಪರೂಪ.

ಇನ್ನೊಂದು ಕಾಟ, "ಪಂಪು ಅಭ್ಯಾಸ ಆಗಿಬಿಡುತ್ತೆ, ಮಾತ್ರೇನೇ ಕೊಡಿ" ಅನ್ನೋದು. ಶ್ವಾಸನಾಳ ಅಗಲ ಮಾಡೋ ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ. ಒಂದು ಮಾತ್ರೆಯಲ್ಲಿ 40 ಪಫ್‌ನಷ್ಟು ಔಷಧ ಇದೆ, ಅದೂ ಮೈಯೆಲ್ಲಾ ಸುತ್ತಿ ಬರುತ್ತೆ. ಕೈ ನಡುಗೋದು, ಎದೆ ಹೊಡ್ಕೊಳ್ಳೋದು ಅದರಿಂದಲೇ. ಸ್ವಲ್ಪ ಉಸಿರು ಸಲೀಸಾದ್ರೆ ಪಂಪು ನಿಲ್ಲಿಸಿಬಿಡ್ತಾರೆ, ಚಳಿಗಾಲದಲ್ಲಿ ಮಂಜು, ರಾಗಿ ಒಕ್ಕಣೆ ಧೂಳು ಎರಡೂ ಕೂಡಿದಾಗ ಆಕ್ಸಿಜನ್‌ವರೆಗೂ ಹೋಗುತ್ತೆ.

ಊದಿಸಿ ನೋಡೋ ಸ್ಪೈರೋಮೆಟ್ರಿ ಮಾಡದೆ ಆಸ್ತಮಾನಾ ಸಿಒಪಿಡಿನಾ ಅಂತ ಖಾತ್ರಿ ಹೇಳೋದು ಕಷ್ಟ. ಅದಕ್ಕೆ ಒಂದು ದಿನದ ಕೂಲಿ ಬಿಟ್ಟು ದೂರ ಹೋಗು ಅಂದ್ರೆ ಎಷ್ಟು ಜನ ಹೋಗ್ತಾರೆ ಹೇಳಿ.

ಬಿಪಿ, ಶುಗರ್ ನೋಡೋ ಸರ್ಕಾರಿ ಎನ್‌ಸಿಡಿ (ಅಂಟದ ಕಾಯಿಲೆಗಳ) ಕಾರ್ಯಕ್ರಮದಲ್ಲೇ ಸಿಒಪಿಡಿ ಕೂಡ ಇದೆ. ಹೋದಾಗೆಲ್ಲಾ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡ್ತಾರಲ್ಲ, ಹಾಗೇ "ಪಂಪು ತೆಗೀರಿ, ನನ್ನೆದುರಿಗೆ ಒಂದ್ಸಲ ಎಳೀರಿ" ಅಂತ ಒಬ್ಬ ನರ್ಸಮ್ಮ ಕೇಳಲಿ. ನೀವೂ ಮನೆಯ ಹಿರಿಯರನ್ನ ಕರ್ಕೊಂಡು ಹೋಗುವಾಗ ಚೀಟಿ ಜೊತೆ ಪಂಪನ್ನೂ ಚೀಲಕ್ಕೆ ಹಾಕ್ಕೊಳ್ಳಿ. ಅವರು ಕೇಳದಿದ್ರೆ ನೀವೇ ತೋರಿಸಿ.