ಹನ್ನೆರಡು ಪುಸ್ತಕ ಕಾಯಿಸಿ ಕೊಟ್ಟದ್ದು ಇದಾ?

ವಾರಿಯರ್ಸ್ ಎಂಬ ಇಂಗ್ಲಿಷ್ ಕಾದಂಬರಿ ಸರಣಿಯ ‘ದ ಲಾಸ್ಟ್ ಹೋಪ್’ ಓದಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಬೆಕ್ಕುಗಳ ಕಥೆಗೆ ಇಷ್ಟು ಸಿಟ್ಟಾ ಅಂತ ಮನೆಯಲ್ಲಿ ಕೇಳುತ್ತಾರೆ. ಹೌದು, ಇಷ್ಟೇ ಸಿಟ್ಟು. ಕಾಡಿನಲ್ಲಿ ಪಂಗಡ ಕಟ್ಟಿಕೊಂಡು, ಕಟ್ಟಳೆ ಮಾಡಿಕೊಂಡು ಬದುಕುವ ಈ ಬೆಕ್ಕುಗಳು ನನಗೆ ನೆರೆಮನೆಯವರಷ್ಟು ಹತ್ತಿರ.

ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ. ಕೊನೆ ಹೇಳದೆ ಬೈಯಲು ಆಗುವುದಿಲ್ಲ.

ಈ ಸರಣಿಯನ್ನು ಮಂಗಳೂರಿನಲ್ಲಿ ಕೂತು ಓದುವುದು ಸುಲಭ ಅಲ್ಲ. ಹಂಪನಕಟ್ಟೆಯಲ್ಲಿ ಹುಡುಕಿದರೆ ಮೂರನೇ ಭಾಗ ಉಂಟು, ನಾಲ್ಕು ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಮಳೆಗಾಲದಲ್ಲಿ ಕವರ್ ಒದ್ದೆಯಾಗಿ ಬರುತ್ತದೆ. ಸುರತ್ಕಲ್‌ನಲ್ಲಿರುವ ಅಕ್ಕನ ಮಗಳು ಮತ್ತು ನಾನು ಹಂಚಿಕೊಂಡು ಕೊಳ್ಳುತ್ತೇವೆ. ಹಾಗೆ ಒಂದೊಂದೇ ಸೇರಿಸಿ ಇಲ್ಲಿಗೆ ಬಂದು ತಲುಪಿದ್ದು. ಮುಖ್ಯ ಕಥೆಯ 24ನೇ ಪುಸ್ತಕ ಇದು.

ಮೂರು ಬೆಕ್ಕುಗಳ ಪಂಜಗಳಲ್ಲಿ ನಕ್ಷತ್ರಗಳ ಶಕ್ತಿ ಇರುತ್ತದೆ ಅಂತ ಒಂದು ಭವಿಷ್ಯವಾಣಿ. ಅದನ್ನೇ ಹಿಡಿದು 2007ರಿಂದ 2012ರವರೆಗೆ ಹನ್ನೆರಡು ಪುಸ್ತಕ ಬಂತು. ಜೇಫೆದರ್ ಕುರುಡ, ಆದರೆ ಬೇರೆಯವರ ಕನಸಿನೊಳಗೆ ನಡೆಯಬಲ್ಲ. ಲಯನ್‌ಬ್ಲೇಜ್‌ಗೆ ಕಾಳಗದಲ್ಲಿ ಗಾಯವೇ ಆಗುವುದಿಲ್ಲ. ಡವ್‌ವಿಂಗ್‌ಗೆ ಎಷ್ಟೋ ದೂರದ ಸದ್ದು ಕೇಳಿಸುತ್ತದೆ. ಇಷ್ಟೆಲ್ಲ ಯಾಕೆ? ಸತ್ತು ಕತ್ತಲ ಕಾಡು ಸೇರಿದ ದುಷ್ಟ ಬೆಕ್ಕುಗಳ ಜೊತೆ ನಡೆಯುವ ಕೊನೆಯ ಯುದ್ಧಕ್ಕೆ ಅಂತ ನಾವು ನಂಬಿದೆವು. ಆ ಯುದ್ಧ ಬಂತು. ಜೇಫೆದರ್‌ಗಾದರೂ ಸ್ವಲ್ಪ ಕೆಲಸ ಇತ್ತು. ಉಳಿದ ಇಬ್ಬರಿಗೆ ಆ ಶಕ್ತಿ ಇಲ್ಲದಿದ್ದರೂ ಕಥೆ ಹೀಗೇ ಮುಗಿಯುತ್ತಿತ್ತು, ಅಲ್ವಾ? ಮೂವರಿಗೆ ನಾಲ್ಕನೆಯವ ಒಬ್ಬ ಸೇರಬೇಕು ಅಂತ ಬೇರೆ ಕಾಯಿಸಿದರು. ಆ ನಾಲ್ಕನೆಯವ ಯಾರು? ಫೈರ್‌ಸ್ಟಾರ್. ಮೊದಲ ಪುಸ್ತಕದಿಂದ ಇರುವ ಅದೇ ನಾಯಕ! ಅವನೇ ಬಂದು ತನ್ನ ಹಳೇ ವೈರಿ, ಕತ್ತಲ ಕಾಡಿನ ಟೈಗರ್‌ಸ್ಟಾರ್‌ನನ್ನು ಕೊಂದ, ಅವನೂ ಸತ್ತ. ಹಾಗಾದರೆ ಈ ಮೂವರು ಯಾಕೆ ಹುಟ್ಟಿದ್ದು?

ಟೈಗರ್‌ಸ್ಟಾರ್ ಅಂದರೆ 2004ರ ಪುಸ್ತಕದಲ್ಲೇ ಪಂಗಡದ ನಾಯಕರಿಗೆ ಸಿಗುವ ಒಂಬತ್ತು ಜೀವವನ್ನೂ ಒಂದೇ ಏಟಿಗೆ ಕಳೆದುಕೊಂಡವನು. ಆ ಸಾವು ಓದಿ ನನಗೆ ಮೈ ನಡುಗಿತ್ತು. ಅಂಥ ಸಾವು ಕೊಟ್ಟ ಮೇಲೆ ಅವನನ್ನೇ ಎಬ್ಬಿಸಿ ತಂದು ಮತ್ತೊಮ್ಮೆ ಕೊಲ್ಲುವುದು ಎಂಥದ್ದು ಮಾರಾಯ್ರೇ? ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೊಂದಿ, ರಾಳ, ಅಬ್ಬರ ಎಲ್ಲ ಇರುತ್ತದೆ. ಆಮೇಲೆ ಅವನ ವಧೆಯೂ ಅಷ್ಟೇ ಜೋರಾಗಿ ಆಗುತ್ತದೆ. ಬೆಳಗಿನವರೆಗೆ ಕೂತವರಿಗೆ ಮೋಸ ಆಗುವುದಿಲ್ಲ. ಇಲ್ಲಿ ಪ್ರವೇಶಕ್ಕೇ ಹನ್ನೆರಡು ಪುಸ್ತಕ, ವಧೆ ಗಡಿಬಿಡಿಯಲ್ಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಜೇಫೆದರ್ ಮತ್ತು ಲಯನ್‌ಬ್ಲೇಜ್‌ರ ಸೋದರಿ ಹಾಲಿಲೀಫ್ ವಿಷಯದಲ್ಲಿ. ಇಡೀ ಸರಣಿಯಲ್ಲಿ ಅವಳಂಥ ಪಾತ್ರ ಇನ್ನೊಂದಿಲ್ಲ. ಯೋಧರ ಕಟ್ಟಳೆಯೇ ಅವಳಿಗೆ ದೇವರು. ಆದರೆ ಅವಳ ಹುಟ್ಟೇ ಕಟ್ಟಳೆಗೆ ವಿರುದ್ಧ. ತಾಯಿ ಮರಿ ಹಾಕಬಾರದ ವೈದ್ಯ ಬೆಕ್ಕು, ತಂದೆ ಬೇರೆ ಪಂಗಡದವನು. ಆ ಗುಟ್ಟು ಮುಚ್ಚಲು ಅವಳು ಒಂದು ಕೊಲೆ ಮಾಡಿದಳು. ಆಮೇಲೆ ಎಲ್ಲ ಪಂಗಡಗಳ ಎದುರು ತಾನೇ ಬಾಯಿಬಿಟ್ಟಳು. ಸುರಂಗಕ್ಕೆ ಓಡಿದಳು, ಮೇಲಿಂದ ಮಣ್ಣು ಕುಸಿಯಿತು. ಅದು 2009ರ ಪುಸ್ತಕ. 2011ರಲ್ಲಿ ಅವಳು ಜೀವಂತ ಮರಳಿದಾಗ ಅಕ್ಕನ ಮಗಳು ಫೋನ್ ಮಾಡಿ ಕಿರುಚಿದ್ದಳು. ಕೊಂದವಳು, ಸುಳ್ಳು ಹೇಳಿದವಳು, ಈಗ ತನ್ನವರ ನಡುವೆ ಹೇಗೆ ಬಾಳುತ್ತಾಳೆ? ತಾಯಿಯ ಮುಖ ಹೇಗೆ ನೋಡುತ್ತಾಳೆ? ಅದನ್ನು ಓದಲು ಕಾದು ಕೂತಿದ್ದೆವು. ಮುಂದಿನ ಪುಸ್ತಕದಲ್ಲೇ, ಅಂದರೆ ಇದರಲ್ಲೇ, ಡವ್‌ವಿಂಗ್‌ಳ ಸೋದರಿ ಐವಿಪೂಲ್‌ಳನ್ನು ಉಳಿಸಿ ಸತ್ತೇ ಹೋದಳು. ಸಾಯಿಸಲಿಕ್ಕೆಂದೇ ವಾಪಸ್ ಕರೆತಂದ ಹಾಗಾಯಿತು. ಬದುಕಿ ಉತ್ತರ ಕೊಡಬೇಕಾದವಳನ್ನು ಸುಮ್ನೆ ತ್ಯಾಗ ಮಾಡಿಸಿ ಕೈ ತೊಳೆದುಕೊಳ್ಳುವುದಾ?

ಅವಳಿಗಾಗಿ ಯಾರೂ ಸರಿಯಾಗಿ ಅಳಲೂ ಇಲ್ಲ. ಪುಟಗಳೇ ಉಳಿದಿರಲಿಲ್ಲ. ನಾಯಕ ಸತ್ತ, ಹೊಸ ನಾಯಕ ಬಂದ, ಪುಸ್ತಕ ಮುಗಿಯಿತು. ಸರಿ, ಮುಂದಿನ ಸರಣಿಯಲ್ಲಾದರೂ ಉಳಿದವರ ದುಃಖ ಕಾಣಬಹುದು ಅಂದುಕೊಂಡರೆ, 2013ರಲ್ಲಿ ಶುರುವಾದದ್ದು ಪಂಗಡಗಳು ಹುಟ್ಟುವ ಮೊದಲಿನ ಕಾಲದ ಕಥೆ. ಯುದ್ಧದ ನಂತರ ಏನಾಯಿತು ಅಂತ ತಿಳಿಯಬೇಕಾದರೆ 2014ರ ಬೇರೊಂದು ದಪ್ಪ ವಿಶೇಷ ಪುಸ್ತಕ ಕೊಳ್ಳಬೇಕು. ಈ ಪುಸ್ತಕದಲ್ಲೇ ಇರಬೇಕಾಗಿದ್ದ ಮಾತಿಗೆ ನಾವು ಇನ್ನೊಮ್ಮೆ ಯಾಕೆ ದುಡ್ಡು ಕೊಡಬೇಕು?