ಆರು ತಂತಿಗಳ ಮೇಲೊಂದು ಮೋಟಾರ್‌ಸೈಕಲ್

ಇಂಗ್ಲೆಂಡಿನ ಗಿಟಾರ್ ವಾದಕ ಹಾಗೂ ಹಾಡುಗಾರ ರಿಚರ್ಡ್ ಥಾಮ್ಸನ್ 1991ರಲ್ಲಿ ಹೊರತಂದ ‘ರೂಮರ್ ಅಂಡ್ ಸೈ’ ಆಲ್ಬಮ್ಮಿನಲ್ಲಿ ಸಜ್ಜನರು ಕಡಿಮೆ. ಜೈಲಿನಿಂದ ಹೊರಬಿದ್ದ ಹುರುಪಿನಲ್ಲಿ ಯಾರದಾದರೂ ಮನಸ್ಸು ಮುರಿಯಲು ಹೊರಟವನೊಬ್ಬ, ತನ್ನ ಹಳೆಯ ಅಕಾರ್ಡಿಯನ್ ರೆಕಾರ್ಡುಗಳ ಮೇಲೆ ಯಾರಾದರೂ ಕೂತುಬಿಟ್ಟಾರೆಂದು ಕಂಗಾಲಾದವನೊಬ್ಬ, ಕುಡುಕರ ಪರವಾಗಿ ದೇವರನ್ನೇ ಸಾಕ್ಷಿಗೆ ಕರೆಯುವವನೊಬ್ಬ, ಹೀಗೆ ಒಬ್ಬೊಬ್ಬರೂ ತಮ್ಮ ಪ್ರವರವನ್ನು ತಾವೇ ಒಪ್ಪಿಸುತ್ತಾರೆ. ಥಾಮ್ಸನ್ ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ.

ವಾದ್ಯಮೇಳದ ಅಲಂಕಾರ ಕೆಲವೆಡೆ ಅತಿಯಾಯಿತೆಂದು ನನಗೆ ಅನ್ನಿಸುವುದುಂಟು. ಆದರೆ ‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’ ಹಾಡಿಗೆ ಬಂದಾಗ ಅದೆಲ್ಲ ಬದಿಗೆ ಸರಿದು ಒಂದು ಅಕೂಸ್ಟಿಕ್ ಗಿಟಾರ್, ಒಂದು ಕಂಠ ಮಾತ್ರ ಉಳಿಯುತ್ತವೆ. ಜೇಮ್ಸ್ ಎಂಬ ದರೋಡೆಕೋರ, ಮಾಲಿ ಎಂಬ ಕೆಂಗೂದಲ ಹುಡುಗಿ, ಇಂಗ್ಲೆಂಡಿನ ಸ್ಟೀವನೇಜ್ ಊರಿನ ವಿನ್ಸೆಂಟ್ ಕಾರ್ಖಾನೆಯಲ್ಲಿ ಸುಮಾರು 30ರಷ್ಟೇ ತಯಾರಾದ, ಹಾಡಿಗೆ ತನ್ನ ಹೆಸರನ್ನೇ ಕೊಟ್ಟ ಒಂದು ರೇಸ್ ಬೈಕು, ಕತೆಗೆ ಇಷ್ಟೇ ಬಂಡವಾಳ. ಅವಳು ಮೊದಲು ಹೊಗಳುವುದು ಬೈಕನ್ನು, ಅವನನ್ನಲ್ಲ. ಅವನಿಗೂ ಅಷ್ಟೇ ಸಾಕು.

ಥಾಮ್ಸನ್ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪಿಕ್ ಎಂಬ ತಂತಿ ಮೀಟುವ ಪುಟ್ಟ ಬಿಲ್ಲೆ ಹಿಡಿದು ಮಂದ್ರದ ತಂತಿಗಳನ್ನು ಎಡೆಬಿಡದೆ ಮಿಡಿಯುತ್ತಾರೆ. ಅದೇ ಕೈಯ ಮಧ್ಯದ ಬೆರಳೂ ಉಂಗುರ ಬೆರಳೂ ತೆಳು ತಂತಿಗಳಲ್ಲಿ ರಾಗವನ್ನು ಹೆಕ್ಕಿ ತೆಗೆಯುತ್ತವೆ. ಎರಡು ದಪ್ಪ ತಂತಿಗಳನ್ನು ಮಾಮೂಲಿ ಶ್ರುತಿಗಿಂತ ಕೆಳಗಿಳಿಸಿರುವುದರಿಂದ ಅಡಿಯಲ್ಲಿ ಎಂಜಿನ್ನಿನಂಥ ಗುಡುಗೊಂದು ಸದಾ ಓಡುತ್ತಿರುತ್ತದೆ. ಇಬ್ಬರು ನುಡಿಸುತ್ತಿದ್ದಾರೆಂದು ಮೊದಲ ಸಲ ಕೇಳಿದವರು ಆಣೆ ಮಾಡಿ ಹೇಳಿದರೂ ಅವರನ್ನು ದೂರುವಂತಿಲ್ಲ.

ಬೆರಳುಗಳ ಈ ಚಮತ್ಕಾರಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಆ ಗಿಟಾರಿನ ನಿಷ್ಕಾರುಣ್ಯ. ಎದೆಗೆ ಗುಂಡು ತಗುಲಿ ಜೇಮ್ಸ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇರೆ ಯಾರಾದರೂ ಆಗಿದ್ದರೆ ಹತ್ತು ಪಿಟೀಲುಗಳನ್ನು ತಂದು ಅಳಿಸುತ್ತಿದ್ದರು. ಇಲ್ಲಿ ತಂತಿಗಳ ಓಟ ನಿಲ್ಲುವುದೇ ಇಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಅವನು ನಾರ್ಟನ್, ಇಂಡಿಯನ್ ಎಂಬ ಬೇರೆ ಕಂಪನಿಗಳ ಬೈಕುಗಳಿಗೆ ವಿನ್ಸೆಂಟ್‌ಗಿರುವಂಥ ಆತ್ಮವಿಲ್ಲವೆಂದು ತೀರ್ಪು ಕೊಟ್ಟು, ಕೀಲಿಯನ್ನು ಮಾಲಿಯ ಕೈಗೆ ಹಾಕುತ್ತಾನೆ. ಕೇಳುವವರಿಗೆ ನಗು ಬರುತ್ತದೆ, ಆದರೆ ನಕ್ಕಿದ್ದಕ್ಕೆ ನಾಚಿಕೊಳ್ಳುವಷ್ಟು ಬಿಡುವನ್ನೂ ಗಿಟಾರ್ ಕೊಡುವುದಿಲ್ಲ.