ಅತ್ತೆ ಕೊಟ್ಟ ಗಡಿಗಿ ಮಂಗಳೂರಿನಲ್ಲಿ ಸೋತಿದ್ದು

ಏಪ್ರಿಲ್‌ನಲ್ಲಿ ರಾಯಚೂರಿಂದ ವಾಪಸ್ ಹೊರಟಾಗ ಅತ್ತೆ ಒಂದು ಗಡಿಗಿ ಕೈಗಿಟ್ಟರು. ನಾವು ಮಡಕೆ ಅಂತೀವಲ್ಲ, ಅದೇ. "ಫ್ರಿಜ್ಜಿನ ನೀರು ಕುಡೀಬ್ಯಾಡ್ರೀ, ಇದರಾಗ ಹಾಕಿಟ್ಟು ನೋಡ್ರಿ" ಅಂದರು. ರಾತ್ರಿಯಿಡೀ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಜೋಪಾನವಾಗಿ ಮಂಗಳೂರಿಗೆ ತಂದೆ. ನೀರು ತುಂಬಿಸಿ ಕಿಟಕಿ ಹತ್ತಿರ ಇಟ್ಟೆ. ಅಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಂಪಾಗುತ್ತಿದ್ದ ನೀರು ಇಲ್ಲಿ ನಲ್ಲಿ ನೀರಿಗಿಂತ ಒಂದು ಚೂರು ವಾಸಿ, ಅಷ್ಟೇ.

ಈ ಕಥೆ ಯಾಕೆ ಅಂದರೆ, ಮೊನ್ನೆ ಗೆಳೆಯನೊಬ್ಬ ಬರೆದಿದ್ದ: ಹೊಸ ಟೆಕ್ನಾಲಜಿ ಅನ್ನೋದೇ ಸುಳ್ಳು, ಫ್ರಿಜ್ ಅಂದರೆ ಕರೆಂಟು ಕೊಟ್ಟ ಮಡಕೆ, ವಿಮಾನ ಅಂದರೆ ಲೋಹದ ಹಕ್ಕಿ, ಎಲ್ಲಾ ಪ್ರಕೃತಿಯಲ್ಲಿ ಮೊದಲೇ ಇತ್ತು, ನಮ್ಮ ಅಜ್ಜಂದಿರಿಗೂ ಗೊತ್ತಿತ್ತು ಅಂತ. ನಾನೂ ಲೈಕ್ ಒತ್ತಿದೆ. ಆಮೇಲೆ ನೀರು ಕುಡಿಯೋಕೆ ಎದ್ದು ಆ ಗಡಿಗಿ ಮುಂದೆ ನಿಂತಾಗ, ಇದು ಅಷ್ಟು ಸಲೀಸಲ್ಲ ಅನ್ನಿಸಿತು.

ಅವನು ಹೇಳಿದ್ದು ಅರ್ಧ ನಿಜ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ನೀರು ಅದರಿಂದ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಹತ್ತು ಲೀಟರ್ ನೀರಿನಲ್ಲಿ ಬರೀ 100 ಮಿಲಿ, ಅಂದರೆ ಅರ್ಧ ಲೋಟ ಆವಿಯಾದರೂ ಸಾಕು, ಹೊರಗಿನ ಬಿಸಿ ಒಳಗೆ ನುಗ್ಗದಿದ್ದರೆ ಉಳಿದ ನೀರು ಹೆಚ್ಚುಕಡಿಮೆ 5-6 ಡಿಗ್ರಿ ಇಳಿಯುತ್ತದೆ. ನಮ್ಮ ಮೈ ಬೆವರಿ ತಣ್ಣಗಾಗೋದೂ ಹೀಗೇ. ಫ್ರಿಜ್ಜಿನ ಒಳಗೂ ಒಂದು ದ್ರವ ಆವಿಯಾಗುತ್ತಲೇ ಇರುತ್ತದೆ. ಈಗಿನ ಎಷ್ಟೋ ಫ್ರಿಜ್‌ಗಳ ಹಿಂದೆ ಆರ್600ಎ ಅಂತ ಬರೆದಿರುತ್ತದೆ, ನೋಡಿ. ಅದು ಐಸೊಬ್ಯುಟೇನ್, ಅಡುಗೆ ಗ್ಯಾಸಿನ ಹತ್ತಿರದ ನೆಂಟ. ಸೊನ್ನೆಗಿಂತ 12 ಡಿಗ್ರಿ ಕೆಳಗೇ ಕುದಿಯುತ್ತದೆ.

ಹಾಗಾದರೆ ಗೆಳೆಯ ಗೆದ್ದ, ಅಲ್ವಾ? ಇಲ್ಲ. ಮಡಕೆ ನೀರನ್ನು ಗಾಳಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಗಾಳಿ ತಗೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ರಾಯಚೂರಿನ ಬೇಸಿಗೆ ಗಾಳಿ ಒಣಗಾಳಿ, ಎಷ್ಟು ಕೊಟ್ಟರೂ ಕುಡಿಯುತ್ತದೆ. ನಮ್ಮ ಕಡಲತೀರದ ಗಾಳಿ ಮೊದಲೇ ಹೊಟ್ಟೆ ತುಂಬಾ ನೀರು ಕುಡಿದು ಕೂತಿರುತ್ತದೆ, ಇಲ್ಲಿ ಒಗೆದ ಟವೆಲ್ಲೇ ಒಣಗಲ್ಲ, ಇನ್ನು ಮಡಕೆ ಏನು ಮಾಡೀತು! ಅಲ್ಲಿ ಮನೆಮನೆಗೂ ಇರುವ ಕೂಲರ್ ಇಲ್ಲಿ ದಂಡ ಆಗೋದೂ ಇದಕ್ಕೇ.

ಫ್ರಿಜ್ ಆವಿಯನ್ನು ಬಿಟ್ಟುಕೊಡೋದಿಲ್ಲ. ಕೊಳವೆಯೊಳಗೇ ಹಿಡಿದಿಟ್ಟು, ಕಂಪ್ರೆಸರ್‌ನಿಂದ ಒತ್ತಿ, ಹಿಂದುಗಡೆ ಬಿಸಿ ಕಕ್ಕಿಸಿ, ಮತ್ತೆ ದ್ರವ ಮಾಡಿ ಒಳಗೆ ಕಳಿಸುತ್ತದೆ. ಹೋದದ್ದನ್ನು ವಾಪಸ್ ಕರೆತರುವ ಈ ಕೆಲಸ ಮಡಕೆಯಲ್ಲೂ ಇಲ್ಲ, ಬೆವರಿನಲ್ಲೂ ಇಲ್ಲ. ಸ್ಕಾಟ್ಲೆಂಡಿನ ವಿಲಿಯಂ ಕಲೆನ್ 1750ರ ಆಸುಪಾಸಿನಲ್ಲೇ ಈಥರ್ ಅನ್ನೋ ಬೇಗ ಆವಿಯಾಗುವ ದ್ರವವನ್ನು ಆವಿಯಾಗಿಸಿ ಒಂಚೂರು ಮಂಜುಗಡ್ಡೆ ಮಾಡಿ ತೋರಿಸಿದ್ದ. ಆದರೆ ಆವಿಯನ್ನು ಸುತ್ತು ಹಾಕಿಸಿ ಮತ್ತೆ ಮತ್ತೆ ಬಳಸುವ ಯಂತ್ರಕ್ಕೆ ಲಂಡನ್ನಿನಲ್ಲಿದ್ದ ಜೇಕಬ್ ಪರ್ಕಿನ್ಸ್ ಪೇಟೆಂಟ್ ತಗೊಂಡಿದ್ದು 1834ರಲ್ಲಿ. ತಂಪು ಮಾಡೋದು ಗೊತ್ತಿದ್ದೂ ಇಷ್ಟು ವರ್ಷ! "ಮೊದಲೇ ಇತ್ತು" ಅನ್ನುವವರು ಈ ವರ್ಷಗಳನ್ನು ನುಂಗಿಬಿಡುತ್ತಾರೆ, ನನಗೆ ಸಿಟ್ಟು ಬರೋದು ಅಲ್ಲೇ.

ಉತ್ತರಾಣಿ ಬೀಜ ಪಂಚೆಗೆ ಅಂಟಿದಾಗ ನಾವೆಲ್ಲ ಬೈದುಕೊಂಡು ಕಿತ್ತು ಬಿಸಾಕಿದವರೇ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ತನ್ನ ನಾಯಿಯ ಮೈಗೆ ಅಂಟಿದ್ದ ಅಂಥದ್ದೇ ಮುಳ್ಳುಕಾಯಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿ, ಅದರ ಕೊಕ್ಕೆಗಳನ್ನು ಕಂಡು ವೆಲ್ಕ್ರೋ, ಅಂದರೆ ಚೀಲ, ಶೂಗಳಲ್ಲಿ ಪರ್ ಅಂತ ಕಿತ್ತು ಮತ್ತೆ ಅಂಟಿಸುವ ಪಟ್ಟಿ, ಮಾಡಿದ. ಐಡಿಯಾ ಗಿಡದ್ದು, ಒಪ್ಪಿದೆ. ಆದರೆ ಪದೇ ಪದೇ ಕಿತ್ತರೂ ಮುರಿಯದ ಕೊಕ್ಕೆಗೆ ನೈಲಾನ್ ಬೇಕಿತ್ತು, ಅದು ಯಾವ ಗಿಡದಲ್ಲೂ ಬೆಳೆಯಲ್ಲ. ವಿಮಾನದ್ದಂತೂ ಉಲ್ಟಾ ಕಥೆ. ಹಕ್ಕಿ ಥರ ರೆಕ್ಕೆ ಬಡಿಯಲು ಹೋದವರು ಸೊಂಟ ಮುರಿದುಕೊಂಡರು. ಮೇಲೆತ್ತೋದು ಬೇರೆ, ಮುಂದೆ ತಳ್ಳೋದು ಬೇರೆ ಅಂತ ಇಂಗ್ಲೆಂಡಿನ ಜಾರ್ಜ್ ಕೇಲಿ 1799ರಲ್ಲೇ ಬಿಡಿಸಿ ನೋಡಿದ ಮೇಲೆ ದಾರಿ ಕಂಡಿತು. ಪುಷ್ಪಕ ವಿಮಾನದ ಕಲ್ಪನೆ ನನಗೂ ಇಷ್ಟ, ಆದರೆ ಅದಕ್ಕೆ ನಟ್ಟು ಬೋಲ್ಟು ಇಲ್ಲವಲ್ಲ ಮಾರಾಯ್ರೆ.

ಹಾಗಂತ ಮಡಕೆ ಮುಗಿದ ಕಥೆ ಅಂತಲೂ ನಾನು ಹೇಳ್ತಿಲ್ಲ. ನಾವು ಎಐ ಅಂತ ಬೀಗುತ್ತೇವಲ್ಲ, ಅದು ಓಡುವ, ಕಂಪ್ಯೂಟರ್ ತುಂಬಿದ ಎಷ್ಟೋ ಡೇಟಾ ಸೆಂಟರ್‌ಗಳನ್ನು ತಣ್ಣಗಿಡೋದು ಇವತ್ತಿಗೂ ನೀರನ್ನು ಗಾಳಿಯಲ್ಲಿ ಆವಿಯಾಗಲು ಬಿಟ್ಟೇ. ಇದನ್ನೆಲ್ಲ ನಿನ್ನೆ ಅತ್ತೆಗೆ ಫೋನಿನಲ್ಲಿ ಹುರುಪಿನಿಂದ ವಿವರಿಸಿದೆ. ಮಂಗಳೂರಿನ ಗಾಳಿಯ ವಿಷಯ ಕೂಡ. ಪೂರ್ತಿ ಕೇಳಿಸಿಕೊಂಡು, "ಹಂಗಾರ ಗಡಿಗಿ ವಾಪಸ್ ಕಳಿಸಿಬಿಡ್ರೀ, ಇಲ್ಲಿ ಬ್ಯಾಸಗಿ ಇನ್ನಾ ಮುಗಿದಿಲ್ಲ" ಅಂದರು.